ಶಾನುಭೋಗರ ಕಡತದಿಂದ ಸೈಬರ್ ಅಂಗಡಿಯ ಪಾಸ್‌ವರ್ಡ್‌ವರೆಗೆ



ಸ್ವಲ್ಪ ಉದ್ದ ಆಯ್ತು. ಆದ್ರೂ ಪೂರ್ತಿ ಓದಿ, ಮನೆಯಲ್ಲಿ ಓದೋ ಮಕ್ಕಳಿದ್ರೆ ಅವರಿಗೂ ಓದಿ ಹೇಳಿ.

ಹೋದ ವಾರ ನಮ್ಮ ಕೇರಿಯ ಹುಡುಗಿಯೊಬ್ಬಳು ಅಳ್ತಾ ಬಂದ್ಲು. ಡಿಗ್ರಿ ಎರಡನೇ ವರ್ಷ. ಸ್ಕಾಲರ್‌ಶಿಪ್‌ಗೆ ಈ ವರ್ಷ ಅರ್ಜಿ ಹಾಕೋಕೆ ಆಗ್ತಿಲ್ಲ. ಕೂತು ನೋಡಿದ್ರೆ, ಹೋದ ವರ್ಷ ಅರ್ಜಿ ತುಂಬಿದ ಸೈಬರ್ ಅಂಗಡಿಯವನು ತನ್ನದೇ ಮೊಬೈಲ್ ನಂಬರ್ ಹಾಕಿದ್ದ. ಒಟಿಪಿ ಅವನ ಫೋನಿಗೆ ಹೋಗುತ್ತೆ, ಪಾಸ್‌ವರ್ಡ್ ಅವನ ನೋಟ್‌ಬುಕ್ಕಲ್ಲಿದೆ. ಕೇಳಿದ್ರೆ ಮತ್ತೆ ದುಡ್ಡು ಕೊಡು ಅಂತಾನೆ. ಅರ್ಜಿ ಅವಳದು, ಜಾತಿ ಪ್ರಮಾಣಪತ್ರ ಅವಳದು, ಬೀಗದ ಕೈ ಮಾತ್ರ ಬೇರೆಯವರ ಹತ್ರ.

ಇದು ಹೊಸ ಕಥೆ ಅನ್ಕೋಬೇಡಿ.

ನಮ್ಮ ತಾತಂದಿರ ಕಾಲದಲ್ಲಿ ಊರಿನ ಲೆಕ್ಕ ಶಾನುಭೋಗರ ಕಡತದಲ್ಲಿರ್ತಿತ್ತು. ಆ ಕೆಲಸ ವಂಶಪಾರಂಪರ್ಯ. ತೋಟಿ, ತಳವಾರಿಕೆಯೂ ವಂಶಪಾರಂಪರ್ಯವೇ. ಆದ್ರೆ ಒಬ್ಬರ ವಂಶಕ್ಕೆ ಲೇಖನಿ, ನಮ್ಮ ವಂಶಕ್ಕೆ ಓಡಾಟ. ಯಾವ ಸರ್ವೆ ನಂಬರ್ ಯಾರ ಹೆಸರಲ್ಲಿದೆ ಅಂತ ಕಡತ ಹೊತ್ತವನಿಗೇ ಗೊತ್ತಿರ್ತಿರಲಿಲ್ಲ. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ಈ ವಂಶಾಧಿಕಾರವನ್ನು ತೆಗೆದುಹಾಕಿತು. ಕಡತ ಗ್ರಾಮ ಲೆಕ್ಕಿಗರ ಕೈಗೆ ಬಂತು. ಓದೋಕೆ ಬಾರದವನು ಮಾತ್ರ ಬಾಗಿಲ ಹೊರಗೇ ಉಳಿದ.

ಆಮೇಲೆ ಕಂಪ್ಯೂಟರ್ ಬಂತು. 'ಭೂಮಿ' ಯೋಜನೆಯಲ್ಲಿ ರಾಜ್ಯದ ಸುಮಾರು 2 ಕೋಟಿ ಪಹಣಿಗಳು ಗಣಕಕ್ಕೆ ಹೋದವು. 2002ರ ಹೊತ್ತಿಗೆ 177 ತಾಲ್ಲೂಕುಗಳಲ್ಲಿ ಕೇಂದ್ರಗಳಿದ್ದವು. ಆಗ 15 ರೂಪಾಯಿ ಕೊಟ್ಟರೆ ಪಹಣಿ ಕೈಗೆ ಸಿಗ್ತಿತ್ತು. ಕೇಂದ್ರದಲ್ಲಿ ಎರಡು ಪರದೆ, ಒಂದು ಸಿಬ್ಬಂದಿ ಕಡೆಗೆ, ಇನ್ನೊಂದು ರೈತನ ಕಡೆಗೆ. ಒಳ್ಳೇ ಯೋಚನೆ, ಅಲ್ಲಗಳೆಯಲ್ಲ. ಆದ್ರೆ ಪರದೆ ತಿರುಗಿಸಿಟ್ಟರೆ ಸಾಕಾಗಲ್ಲ, ಅದರಲ್ಲಿರೋದನ್ನ ಓದಿ ಹೇಳೋ ನಂಬಿಕಸ್ತ ಒಬ್ಬ ಪಕ್ಕದಲ್ಲಿ ಬೇಕು. ಆ ಜಾಗ ಖಾಲಿ ಇತ್ತು. ಅಲ್ಲಿ ಮಧ್ಯವರ್ತಿ ಬಂದು ಕೂತ.

ಹಾಗಾದ್ರೆ ಕಂಪ್ಯೂಟರ್ ಕಲಿತವರೆಲ್ಲ ದುಡ್ಡು ಕೊಟ್ಟೇ ಕಲಿತ್ರಾ? ಇಲ್ಲ. 1975ರ ಮಾರ್ಚ್‌ನಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಮೆನ್ಲೋ ಪಾರ್ಕ್‌ನಲ್ಲಿ, ಒಂದು ಮನೆಯ ಗ್ಯಾರೇಜಿನಲ್ಲಿ ಮೂವತ್ತು ಚಿಲ್ಲರೆ ಜನ ಸೇರಿದ್ರು. ಹೋಮ್‌ಬ್ರೂ ಕಂಪ್ಯೂಟರ್ ಕ್ಲಬ್ ಅಂತ. ಗೊತ್ತಿದ್ದವರು ಗೊತ್ತಿಲ್ಲದವರಿಗೆ ಹೇಳಿಕೊಟ್ರು. ಆಪಲ್ ಕಂಪ್ಯೂಟರ್ ಮಾಡಿದ ಸ್ಟೀವ್ ವೋಜ್ನಿಯಾಕ್ ತನ್ನ ಯಂತ್ರದ ನಕ್ಷೆಯನ್ನ ಅಲ್ಲಿ ಪುಕ್ಕಟೆ ಹಂಚಿದ. ಅವರಿಗೆ ಗ್ಯಾರೇಜ್ ಇತ್ತು, ಬಿಡುವಿತ್ತು. ನಮಗೆ ಅದಿಲ್ಲ ಅಂತೀರಾ?

ಬೆಂಗಳೂರಿನ ಗುರಪ್ಪನಪಾಳ್ಯದ ಸುದರ್ಶನ ಲೇಔಟ್ ಕೊಳೆಗೇರಿಯಲ್ಲೂ ಗ್ಯಾರೇಜ್ ಇರಲಿಲ್ಲ. ಆದ್ರೂ ಅಲ್ಲಿ ಸ್ವತಂತ್ರ ತಂತ್ರಾಂಶ ಚಳವಳಿಯವರು ಮತ್ತು ಸ್ಥಳೀಯರು ಸೇರಿ ಕಂಪ್ಯೂಟರ್ ಕೇಂದ್ರ ಕಟ್ಟಿದ್ರು. ಇಟ್ಟ ಹೆಸರು ಅಂಬೇಡ್ಕರ್ ಸಮುದಾಯ ಕಂಪ್ಯೂಟಿಂಗ್ ಕೇಂದ್ರ. ಹಣ ಕೊಡದೆ ಬಳಸಬಹುದಾದ ಲಿನಕ್ಸ್, ಚಿತ್ರ ಬಿಡಿಸೋಕೆ ಗಿಂಪ್. ಕೂಲಿಕಾರರ ಮಕ್ಕಳು ಅದರಲ್ಲಿ ಚಿತ್ರ ಬಿಡಿಸಿದ್ರು. ಹೆಸರು ಸುಮ್ನೆ ಇಟ್ಟಿದ್ದಲ್ಲ. ಬಾಬಾಸಾಹೇಬರು 1924ರಲ್ಲಿ ಬಹಿಷ್ಕೃತ ಹಿತಕಾರಿಣಿ ಸಭಾ ಕಟ್ಟಿದಾಗ ಅದರ ಗುರಿಗಳಲ್ಲಿ ಗ್ರಂಥಾಲಯ, ವಿದ್ಯಾರ್ಥಿನಿಲಯಗಳೂ ಇದ್ದವು. ಇವತ್ತು ಬದುಕಿದ್ದರೆ ಒಂದು ಕಂಪ್ಯೂಟರನ್ನೂ ಸೇರಿಸ್ತಿದ್ರು ಅನ್ನೋದು ನನ್ನ ನಂಬಿಕೆ.

ನಾನು ಎಂಜಿನಿಯರ್ ಅಲ್ಲ, ಆಫೀಸಲ್ಲಿ ಗುಮಾಸ್ತ. ದಿನಾ ಕಂಪ್ಯೂಟರ್ ಮುಂದೆ ಕೂತು ಇಷ್ಟು ಕಲಿತಿದೀನಿ, ಹೇಳ್ತೀನಿ.

ಅರ್ಜಿಗೆ ನಿಮ್ಮದೇ ಮೊಬೈಲ್ ನಂಬರ್ ಕೊಡಿ. ಪಾಸ್‌ವರ್ಡನ್ನ ನಿಮ್ಮ ಕೈಯಾರೆ ಒತ್ತಿ, ಮನೆಯ ಪುಸ್ತಕದಲ್ಲಿ ಬರೆದಿಡಿ. ಜಾತಿ, ಆದಾಯ ಪ್ರಮಾಣಪತ್ರಗಳ ಆರ್‌ಡಿ ನಂಬರ್ ಬರೆದಿಟ್ಕೊಳ್ಳಿ. ಆಧಾರ್, ಅಂಕಪಟ್ಟಿ, ಪ್ರಮಾಣಪತ್ರದಲ್ಲಿ ಹೆಸರು ಒಂದೇ ಥರ ಇದೆಯಾ ಮೊದಲೇ ನೋಡಿ. ಬ್ಯಾಂಕ್ ಖಾತೆಗೆ ಆಧಾರ್ ಕೊಟ್ಟಿದ್ದೀನಿ ಅಂತ ಸುಮ್ನಾಗಬೇಡಿ, ಎನ್‌ಪಿಸಿಐ ಜೋಡಣೆ ಆಗಿದೆಯಾ ಅಂತ ಬ್ಯಾಂಕಲ್ಲೇ ಕೇಳಿ. ಅಂಗಡಿ ಬಿಡೋ ಮುಂಚೆ ಲಾಗ್‌ಔಟ್ ಮಾಡಿ, ಸ್ಕ್ಯಾನ್ ಮಾಡಿದ ಆಧಾರ್ ಪ್ರತಿಯನ್ನ ಅಳಿಸಿ, ರೀಸೈಕಲ್ ಬಿನ್ನನ್ನೂ ಖಾಲಿ ಮಾಡಿಸಿ. ಸ್ವೀಕೃತಿಯ ಪ್ರಿಂಟ್ ಇಲ್ಲದೆ ಎದ್ದು ಬರಬೇಡಿ.

ಎಲ್ಲಾ ಅಂಗಡಿಯವರೂ ಕೆಟ್ಟವರಲ್ಲ, ಅವರೂ ಹೊಟ್ಟೆಪಾಡಿಗೆ ಕೂತವರು. ನಮ್ಮ ಹಕ್ಕಿನ ಬೀಗದ ಕೈ ಮಾತ್ರ ಅವರ ಹತ್ರ ಇರಬಾರದು.

ಆ ಹುಡುಗಿ ಜೊತೆ ಅಂಗಡಿಗೆ ಹೋದೆ. ಜಗಳ ಆಡ್ಲಿಲ್ಲ, ಕೂತು ನಂಬರ್ ಬದಲಾಯಿಸಿಕೊಂಡು ಬಂದ್ವಿ. ಹೊಸ ಪಾಸ್‌ವರ್ಡ್ ಅವಳೇ ಒತ್ತಿದ್ಲು. ನಾನು ಆ ಕಡೆ ತಿರುಗಿ ನಿಂತಿದ್ದೆ.

ಪ್ರತಿ ಕೇರಿಯ ಅಂಬೇಡ್ಕರ್ ಭವನದಲ್ಲಿ ಭಾನುವಾರ ಎರಡು ಗಂಟೆ, ಒಂದು ಹಳೇ ಲ್ಯಾಪ್‌ಟಾಪ್, ಗೊತ್ತಿರೋ ಒಬ್ಬರು. ಇಷ್ಟು ಸಾಕು ಶುರು ಮಾಡೋಕೆ. ಕೇಳೋಕೆ ನಾಚಿಕೆ ಬೇಡ, ಹೇಳೋಕೆ ಜಂಬ ಬೇಡ. ನಿಮ್ಮೂರಲ್ಲಿ ಯಾರು ಕೂರ್ತೀರಿ? ಕೆಳಗೆ ಬರೀರಿ.

ಜೈಭೀಮ್.