ಕೀಲೆಣ್ಣೆಯಿಂದ ಕೆಂಪೆಣ್ಣೆಯವರೆಗೆ

ನಮ್ಮ ದೊಡ್ಡಬಳ್ಳಾಪುರದ ಕಡೆ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ಎತ್ತಿನ ಗಾಡಿಗಳು ಸಾಲುಗಟ್ಟಿ ಹೋಗುತ್ತಿದ್ದ ಕಾಲದಲ್ಲಿ ಗಾಡಿಯ ಅಡಿಯಲ್ಲಿ ಒಂದು ಬಿದಿರಿನ ಕೊಳವೆ ತೂಗಾಡುತ್ತಿತ್ತು. ಅದರೊಳಗೆ ಇರುತ್ತಿದ್ದುದು ಕೀಲೆಣ್ಣೆ. ಹರಳೆಣ್ಣೆಗೆ ಸುಟ್ಟ ಹುಲ್ಲಿನ ಮಸಿ ಕಲಸಿ ಮಾಡಿದ ಕಪ್ಪು ಜಿಡ್ಡು ಅದು. ಹೊಲದ ಬದುವಿನಲ್ಲಿ ಬೆಳೆದ ಹರಳನ್ನು ಬಿಡಿಸಿ, ಹುರಿದು, ಕುಟ್ಟಿ, ನೀರಿನಲ್ಲಿ ಕುದಿಸಿ, ಮೇಲೆ ತೇಲಿದ ಎಣ್ಣೆಯನ್ನು ಬಗ್ಗಿಸಿಕೊಳ್ಳುವ ಕೆಲಸ ಮನೆಯ ಹೆಂಗಸರದು. ಗಾಡಿ ಹೊಡೆಯುವವರು ಗಂಡಸರಾದರೂ ಚಕ್ರಕ್ಕೆ ಎಣ್ಣೆ ಒದಗಿಸುತ್ತಿದ್ದವರು ನಾವೇ ಎಂಬುದನ್ನು ಯಾವ ಪಠ್ಯಪುಸ್ತಕವೂ ಹೇಳುವುದಿಲ್ಲ. ಮೂವತ್ತು ವರ್ಷ ಸಮಾಜ ವಿಜ್ಞಾನ ಪಾಠ ಮಾಡಿದ ನನಗೂ ಅದನ್ನು ಮಕ್ಕಳಿಗೆ ಹೇಳಬೇಕೆಂದು ಹೊಳೆದದ್ದು ಇತ್ತೀಚೆಗೆ.

ಹರಳೆಣ್ಣೆಯನ್ನು ಹಳ್ಳಿಯ ವಸ್ತುವೆಂದು ಕಡೆಗಣಿಸುವಂತಿಲ್ಲ. ಮೊದಲನೆಯ ಮಹಾಯುದ್ಧದಲ್ಲಿ ಹಾರಿದ ಎಷ್ಟೋ ವಿಮಾನಗಳ ರೋಟರಿ ಎಂಜಿನ್ನುಗಳು ತಿರುಗಿದ್ದು ಹರಳೆಣ್ಣೆಯ ಬಲದಿಂದ. ಇಂದಿಗೂ ಪೆಟ್ರೋಲ್ ಬಂಕುಗಳಲ್ಲಿ ಕಾಣುವ ಕ್ಯಾಸ್ಟ್ರಾಲ್ ಎಂಬ ಹೆಸರು 1909ರಲ್ಲಿ ಹುಟ್ಟಿದ್ದೇ ಹರಳೆಣ್ಣೆಯ ಇಂಗ್ಲಿಷ್ ಹೆಸರಾದ ಕ್ಯಾಸ್ಟರ್‌ನಿಂದ. ಒಟ್ಟಿನಲ್ಲಿ ತಿರುಗುವ ವಸ್ತು ಯಾವುದಿದ್ದರೂ ಅದರ ಹಿಂದೆ ಒಂದು ಎಣ್ಣೆ ಇದ್ದೇ ಇರುತ್ತದೆ. ಎಣ್ಣೆ ತೀರಿದಾಗ ಗಾಡಿ ಕಿರುಗುಟ್ಟಿ ಹೇಳುತ್ತಿತ್ತು. ಈಗಿನ ವಾಹನಗಳು ಕಿರುಗುಟ್ಟುವುದಿಲ್ಲ. ನೆಲದ ಮೇಲೆ ಒಂದು ಹನಿ ಬೀಳಿಸಿ ಸುಮ್ಮನಾಗುತ್ತವೆ. ಆ ಹನಿಯ ಕಥೆಯೇ ಈ ಬರಹ.

ಕಾಲಿನಿಂದ ಕ್ಲಚ್ ತುಳಿಯದೆ, ಕೈಯಿಂದ ಗೇರ್ ಬದಲಿಸದೆ ಓಡುವ ಕಾರನ್ನು ನಾವು ಆಟೋಮ್ಯಾಟಿಕ್ ಎನ್ನುತ್ತೇವೆ. ಇದರ ಮೂಲ ಇರುವುದು ನೆಲದ ಮೇಲಲ್ಲ, ನೀರಿನ ಮೇಲೆ. ಹೆರ್ಮನ್ ಫಟಿಂಗರ್ ಎಂಬ ಜರ್ಮನ್ ಎಂಜಿನಿಯರ್ ಹಡಗು ಕಟ್ಟುವ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದವನು. ಹಡಗಿನ ಟರ್ಬೈನು ಅತಿ ವೇಗವಾಗಿ ತಿರುಗುತ್ತದೆ, ನೀರಿನೊಳಗಿನ ಪ್ರೊಪೆಲ್ಲರು ನಿಧಾನವಾಗಿ ತಿರುಗಬೇಕು. ಇವೆರಡರ ನಡುವೆ ಹಲ್ಲಿನ ಚಕ್ರಗಳ ಬದಲು ದ್ರವವನ್ನೇ ಇಟ್ಟರೆ ಹೇಗೆ ಎಂದು ಅವನು ಯೋಚಿಸಿದ. 1905ರಲ್ಲಿ ಅದಕ್ಕೆ ಪೇಟೆಂಟು ಪಡೆದ.

ಇದು ನಮಗೆ ಅರ್ಥವಾಗದ ವಿಷಯವೇನೂ ಅಲ್ಲ. ಎರಡು ಟೇಬಲ್ ಫ್ಯಾನುಗಳನ್ನು ಎದುರುಬದುರಾಗಿ ಇಡಿ. ಒಂದಕ್ಕೆ ಮಾತ್ರ ಕರೆಂಟು ಕೊಡಿ. ಅದರ ಗಾಳಿಗೆ ಎದುರಿನ ಫ್ಯಾನು ತಾನಾಗಿಯೇ ತಿರುಗತೊಡಗುತ್ತದೆ. ಎರಡಕ್ಕೂ ಕಬ್ಬಿಣದ ಸಂಬಂಧವಿಲ್ಲ, ನಡುವೆ ಇರುವುದು ಗಾಳಿಯಷ್ಟೇ. ಕಾರಿನಲ್ಲಿ ಗಾಳಿಯ ಜಾಗದಲ್ಲಿ ಎಣ್ಣೆ ಇದೆ. ಎಂಜಿನ್ನಿನ ಕಡೆಯ ಚಕ್ರ ಎಣ್ಣೆಯನ್ನು ಎರಚುತ್ತದೆ, ಗೇರ್ ಬಾಕ್ಸಿನ ಕಡೆಯ ಚಕ್ರ ಆ ರಭಸಕ್ಕೆ ತಿರುಗುತ್ತದೆ. ಸಿಗ್ನಲ್ಲಿನಲ್ಲಿ ಕಾರು ನಿಂತಿದ್ದರೂ ಎಂಜಿನ್ ನಿಲ್ಲದಿರುವುದು ಇದರಿಂದಲೇ.

ಈ ಉಪಾಯವನ್ನು ತಾನಾಗಿ ಬದಲಾಗುವ ಗೇರುಗಳ ಜೊತೆ ಕೂಡಿಸಿ ಸಾಮಾನ್ಯ ಜನ ಕೊಳ್ಳುವ ಕಾರಿಗೆ ಅಳವಡಿಸಿದ್ದು ಅಮೆರಿಕದ ಜನರಲ್ ಮೋಟಾರ್ಸ್ ಕಂಪನಿ. 1939ರಲ್ಲಿ, ಮುಂದಿನ ವರ್ಷದ ಓಲ್ಡ್ಸ್‌ಮೊಬೈಲ್ ಕಾರುಗಳಿಗಾಗಿ, ಹೈಡ್ರಾಮ್ಯಾಟಿಕ್ ಎಂಬ ಹೆಸರಿನಲ್ಲಿ ಅದು ಹೊರಬಂತು. ಆ ಹೊತ್ತಿಗೆ ಯುರೋಪಿನಲ್ಲಿ ಎರಡನೆಯ ಮಹಾಯುದ್ಧ ಶುರುವಾಗಿತ್ತು. ಕೆಲವೇ ವರ್ಷಗಳಲ್ಲಿ ಇದೇ ಗೇರ್ ಬಾಕ್ಸು ಅಮೆರಿಕದ ಎಂ5 ಸ್ಟುವರ್ಟ್ ಎಂಬ ಯುದ್ಧ ಟ್ಯಾಂಕಿನೊಳಗೂ ಸೇರಿತು. ಯುದ್ಧ ಮುಗಿದ ಮೇಲೆ ಮತ್ತೆ ಸಂಸಾರಸ್ಥರ ಕಾರಿಗೆ ಬಂತು. 1949ರಲ್ಲಿ ಈ ಗೇರ್ ಬಾಕ್ಸಿಗೆಂದೇ ‘ಟೈಪ್ ಎ’ ಎಂಬ ಪ್ರತ್ಯೇಕ ಎಣ್ಣೆಯ ಗುಣಮಟ್ಟವನ್ನು ಕಂಪನಿ ಗೊತ್ತುಮಾಡಿತು.

ಪ್ರತ್ಯೇಕ ಎಣ್ಣೆ ಏಕೆಂದರೆ ಇದರ ಕೆಲಸ ಒಂದೆರಡಲ್ಲ. ಎಂಜಿನ್ನಿನ ಶಕ್ತಿಯನ್ನು ಗೇರಿಗೆ ದಾಟಿಸಬೇಕು, ಹಲ್ಲುಗಳು ಸವೆಯದಂತೆ ಕಾಯಬೇಕು, ಬಿಸಿಯನ್ನು ಹೊತ್ತುಕೊಂಡು ಹೋಗಿ ಮುಂದಿನ ಕೂಲರಿನಲ್ಲಿ ತಣಿಸಬೇಕು, ಒಳಗಿನ ಸಣ್ಣ ಕ್ಲಚ್ಚುಗಳನ್ನು ಒತ್ತಡದಿಂದ ಅದುಮಿ ಹಿಡಿಯಬೇಕು. ಕ್ಲಚ್ಚು ಹಿಡಿಯುವಾಗ ಜಾರಲೂಬಾರದು, ಜಗ್ಗಲೂಬಾರದು. ಈ ಹದವನ್ನು ಕೊಡುವ ವಸ್ತುವನ್ನು ಹುಡುಕಿ ಹೋದವರಿಗೆ ಸಿಕ್ಕಿದ್ದು ಸ್ಪರ್ಮ್ ತಿಮಿಂಗಿಲದ ಎಣ್ಣೆ. ಎಷ್ಟು ಕಾಯಿಸಿದರೂ ಬೇಗ ಕೆಡದ, ಅಂಟುಗಟ್ಟದ ಎಣ್ಣೆ ಅದು. ಸಾಗರದ ಆಳದಲ್ಲಿ ಈಜುವ ಜೀವಿಯನ್ನು ಕೊಂದು ತೆಗೆದದ್ದು ಅಮೆರಿಕದ ಮನೆಮನೆಯ ಕಾರಿನೊಳಗೆ ಬೆರೆತು ಓಡುತ್ತಿತ್ತು. ಕಾರಿನಲ್ಲಿ ಕೂತವರ ಪೈಕಿ ಅದು ಎಷ್ಟು ಜನಕ್ಕೆ ಗೊತ್ತಿದ್ದೀತು? ಗೇರ್ ಬಾಕ್ಸಿನ ಮುಚ್ಚಳ ತೆಗೆದು ನೋಡುವ ಪ್ರಮೇಯವೇ ಇರಲಿಲ್ಲವಲ್ಲ.

1970ರಲ್ಲಿ ಅಮೆರಿಕ ಸರ್ಕಾರ ಈ ತಿಮಿಂಗಿಲವನ್ನು ಅಳಿವಿನಂಚಿನ ಪ್ರಾಣಿಗಳ ಪಟ್ಟಿಗೆ ಸೇರಿಸಿತು. 1973ರ ಕಾನೂನು ಇನ್ನಷ್ಟು ಬಿಗಿ ಮಾಡಿತು. ಎಣ್ಣೆ ಕಂಪನಿಗಳು ಬದಲಿ ಹುಡುಕಬೇಕಾಯಿತು. ಹೊಸ ಬಗೆಯ ಎಣ್ಣೆಗಳಲ್ಲಿ ಒಂದು ಕೂಲರಿನೊಳಗಿನ ಬೆಸುಗೆಯನ್ನೇ ತಿನ್ನತೊಡಗಿ ತೊಂದರೆ ಕೊಟ್ಟಿತು. ಲೋಹ ತಿನ್ನದಂತೆ ತಡೆಯುವ ಮದ್ದು ಸೇರಿಸಿದ ಮೇಲೆ ಆ ತೊಂದರೆ ಹತೋಟಿಗೆ ಬಂತು. ತಿಮಿಂಗಿಲವಿಲ್ಲದೆಯೂ ಗೇರ್ ಬಾಕ್ಸು ನಡೆಯುತ್ತದೆ ಎಂದು ಆಗ ಸಿದ್ಧವಾಯಿತು. ಅಂದರೆ ಅಷ್ಟು ವರ್ಷ ಕೊಂದದ್ದು ಅನಿವಾರ್ಯವಾಗಿರಲಿಲ್ಲ. ಯಾರೂ ಕೇಳಿರಲಿಲ್ಲ ಅಷ್ಟೆ.

ನಮ್ಮ ದೇಶಕ್ಕೆ ಗೇರಿಲ್ಲದ ಸುಖ ಮೊದಲು ಬಂದದ್ದು ಎರಡು ಚಕ್ರದ ಮೇಲೆ. 1972ರಲ್ಲಿ ಬಂದ ಲೂನಾ, 1984ರಲ್ಲಿ ಬಂದ ಕೈನೆಟಿಕ್ ಹೋಂಡಾ, ಆಮೇಲಿನ ಸ್ಕೂಟಿಗಳು ನಮ್ಮಂಥ ಎಷ್ಟು ಜನ ಶಿಕ್ಷಕಿಯರನ್ನು, ನರ್ಸುಗಳನ್ನು, ಬ್ಯಾಂಕಿನ ಹೆಣ್ಣುಮಕ್ಕಳನ್ನು ಬಸ್ಸಿನ ಕಾಯುವಿಕೆಯಿಂದ ಬಿಡಿಸಿದವು! ಅವುಗಳಲ್ಲಿ ಶಕ್ತಿ ದಾಟಿಸುತ್ತಿದ್ದುದು ಬೆಲ್ಟು, ಎಣ್ಣೆಯಲ್ಲ. ಗುಂಡಿ ಒತ್ತಿದರೆ ಸ್ಟಾರ್ಟ್ ಆಗುವ ಕೈನೆಟಿಕ್ ಹೋಂಡಾ ಕಂಡಾಗ, ಸೀರೆ ಉಟ್ಟು ಕಿಕ್ಕರ್ ಒದೆಯುವ ಫಜೀತಿ ತಪ್ಪಿತಲ್ಲ ಎಂದು ನಿಟ್ಟುಸಿರು ಬಿಟ್ಟವರಿಗೆ ಮಾತ್ರ ಅದರ ಬೆಲೆ ಗೊತ್ತು.

ಎಣ್ಣೆಯ ಮೂಲಕ ಓಡುವ ದೊಡ್ಡ ವಾಹನವನ್ನು ನಮ್ಮ ಜಿಲ್ಲೆಯ ಜನ ದಿನನಿತ್ಯ ಹತ್ತಿ ಇಳಿದದ್ದು ಬಸ್ಸುಗಳಲ್ಲಿ. ಹೊಸಕೋಟೆಯ ಬಳಿ ವೋಲ್ವೊ ಕಂಪನಿ 1998ರಲ್ಲಿ ಲಾರಿ ಕಟ್ಟಲು ಶುರುಮಾಡಿ, 2001ರಿಂದ ಬಸ್ಸುಗಳನ್ನೂ ತಂದಿತು. 2006ರ ಹೊತ್ತಿಗೆ ಬೆಂಗಳೂರು ನಗರ ಸಾರಿಗೆಯಲ್ಲಿ ಆಟೋಮ್ಯಾಟಿಕ್ ಗೇರಿನ ವೋಲ್ವೊ ಬಸ್ಸುಗಳು ಓಡತೊಡಗಿದವು. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಬಾಗಿಲು ತೆರೆದಾಗ ಅಲ್ಲಿಗೂ ವಾಯು ವಜ್ರ ಎಂಬ ಹೆಸರಿನಲ್ಲಿ ಬಂದವು. ಚಕ್ಕೋತದ ಊರಿನ ರಸ್ತೆಯಲ್ಲಿ ಚಾಲಕ ಎಡಗಾಲನ್ನು ಸುಮ್ಮನೆ ಇಟ್ಟುಕೊಂಡು ಬಸ್ ಓಡಿಸುವುದನ್ನು ನಾನು ಮುಂದಿನ ಸೀಟಿನಲ್ಲಿ ಕೂತು ಬೆರಗಿನಿಂದ ನೋಡಿದ್ದೇನೆ. 2014ರಲ್ಲಿ ಮಾರುತಿಯವರ ಸೆಲೆರಿಯೊ ಬಂದ ಮೇಲೆ ಕಡಿಮೆ ಬೆಲೆಯ ಕಾರುಗಳಿಗೂ ಈ ಸೌಕರ್ಯ ಇಳಿದು ಬಂತು. ಅದರ ವಿಧಾನ ಮಾತ್ರ ಬೇರೆ. ಅದು ಮಾಮೂಲಿ ಗೇರ್ ಬಾಕ್ಸೇ. ಕ್ಲಚ್ಚನ್ನು ನಮ್ಮ ಕಾಲಿನ ಬದಲು ಯಂತ್ರ ತುಳಿಯುತ್ತದೆ. ಆದ್ದರಿಂದ ಆಟೋಮ್ಯಾಟಿಕ್ ಎಂದ ಮಾತ್ರಕ್ಕೆ ಎಲ್ಲವೂ ಒಂದೇ ಅಲ್ಲ, ಒಂದರ ಎಣ್ಣೆ ಇನ್ನೊಂದಕ್ಕೆ ಆಗುವುದೂ ಇಲ್ಲ.

ಮಂಡಿನೋವು ಶುರುವಾದ ಮೇಲೆ ನಾನೂ ಒಂದು ಸೆಕೆಂಡ್ ಹ್ಯಾಂಡ್ ಆಟೋಮ್ಯಾಟಿಕ್ ಕಾರು ಕೊಂಡೆ. ಹತ್ತು ವರ್ಷ ಹಳೆಯದು, ಹಳೆಯ ಪದ್ಧತಿಯ ಎಣ್ಣೆಯ ಗೇರ್ ಬಾಕ್ಸಿನದು. ಪಿ.ಎಫ್. ಹಣದಲ್ಲಿ ಒಂದು ಪಾಲು ತೆಗೆದು ಕೊಂಡ ಕಾರು. ಅದಿದ್ದರೆ ಮಾತ್ರ ಬಸ್ಸಿಲ್ಲದ ಹಳ್ಳಿಯ ಶಾಲೆಗೆ ನಾನು ಹೊತ್ತಿಗೆ ಸರಿಯಾಗಿ ತಲುಪಬಲ್ಲೆ. ಮೂರನೆಯ ತಿಂಗಳಲ್ಲಿ, ಅಂಗಳ ಗುಡಿಸುವಾಗ ಕಾರು ನಿಲ್ಲಿಸಿದ್ದ ಜಾಗದಲ್ಲಿ ಕುಂಕುಮದ ನೀರಿನಂಥ ಒಂದು ಕಲೆ ಕಂಡಿತು. ಡಿ ಗೇರಿಗೆ ಹಾಕಿದರೆ ಕಾರು ಕ್ಷಣ ತಡೆದು ಹೊರಡುತ್ತಿತ್ತು. ತೋರಿಸಿದ ಮೊದಲ ಗ್ಯಾರೇಜಿನವರು ಬಗ್ಗಿ ಒಮ್ಮೆ ನೋಡಿ, “ಗೇರ್ ಬಾಕ್ಸೇ ಹೋಗಿದೆ ಮೇಡಂ, ಎಂಬತ್ತು ಸಾವಿರ ಆಗುತ್ತೆ. ಸಾರ್ ಅವರನ್ನ ಕಳಿಸಿ, ಮಾತಾಡ್ತೀವಿ” ಎಂದರು. ನಾನು ಕಾರು ತೆಗೆದುಕೊಂಡು ಮನೆಗೆ ಬಂದೆ.

ಅಂದು ರಾತ್ರಿ ಕಾರಿನಡಿ ಹಳೆಯ ಪತ್ರಿಕೆಗಳನ್ನು ಹಾಸಿ, ಚಕ್ರಗಳಿದ್ದ ಜಾಗವನ್ನು ಪೆನ್ಸಿಲಿನಿಂದ ಗುರುತು ಮಾಡಿದೆ. ಬೆಳಿಗ್ಗೆ ಮುಂದಿನ ಬಲಚಕ್ರದ ಒಳಬದಿಗೆ ಆರೇಳು ಹನಿ ಬಿದ್ದಿದ್ದವು. ಹನಿಯ ಬಣ್ಣವೇ ಅರ್ಧ ಉತ್ತರ ಹೇಳುತ್ತದೆ. ಬರೀ ನೀರಾದರೆ ಏ.ಸಿ.ಯದು, ಚಿಂತೆಯಿಲ್ಲ. ಕಂದು ಇಲ್ಲವೆ ಕಪ್ಪಾದರೆ ಸಾಮಾನ್ಯವಾಗಿ ಎಂಜಿನ್ ಆಯಿಲ್. ಹಸಿರೋ ಗುಲಾಬಿಯೋ ಆಗಿ ಸಿಹಿ ವಾಸನೆ ಬಂದರೆ ರೇಡಿಯೇಟರಿನ ಕೂಲೆಂಟು. ಕೆಂಪಾಗಿ ಜಿಡ್ಡಾಗಿದ್ದರೆ ಬಹುಮಟ್ಟಿಗೆ ಗೇರ್ ಬಾಕ್ಸಿನ ಎಣ್ಣೆ. ಬೇರೆ ಎಣ್ಣೆಗಳಿಂದ ಬೇರ್ಪಡಿಸಿ ಗುರುತಿಸಲೆಂದೇ ಅದಕ್ಕೆ ಬಣ್ಣ ಹಾಕುತ್ತಾರೆ. ಕೆಂಪು ಹೋಗಿ ಕಪ್ಪಾಗಿ ಸೀದ ವಾಸನೆ ಬಂದರೆ ಒಳಗಿನ ಕ್ಲಚ್ಚು ಸುಟ್ಟಿದೆಯೆಂದು ಶಂಕಿಸಬೇಕು. ನನ್ನ ಪತ್ರಿಕೆಯ ಮೇಲಿನದು ಕೆಂಪಾಗಿಯೇ ಇತ್ತು, ಸೀದ ವಾಸನೆ ಇರಲಿಲ್ಲ.

ಆ ಪತ್ರಿಕೆಯನ್ನೇ ಮಡಿಸಿಕೊಂಡು, ಮನೆಯವರನ್ನು ಕರೆದುಕೊಳ್ಳದೆ, ನೆಲಮಂಗಲದಲ್ಲಿ ಬಹುಕಾಲ ಲಾರಿಗಳಿಗೆ ಕೈಹಾಕಿದ್ದ ಹಿರಿಯ ಮೆಕ್ಯಾನಿಕ್ ಒಬ್ಬರ ಹತ್ತಿರ ಹೋದೆ. ಅವರು ಪತ್ರಿಕೆ ಬಿಚ್ಚಿ ನೋಡಿ, “ಇಷ್ಟು ಮಾಡ್ಕಂಡು ಬಂದ್ರೆ ನಮ್ಮ ಅರ್ಧ ಕೆಲಸ ಆಗೋಯ್ತು ಮೇಡಂನೋರೆ” ಎಂದರು. ಕಾರನ್ನು ಗುಂಡಿಯ ಮೇಲೆ ನಿಲ್ಲಿಸಿ, ಒದ್ದೆಯಾಗಿದ್ದ ಭಾಗವನ್ನೆಲ್ಲ ಡೀಸೆಲ್ಲಿನಿಂದ ತೊಳೆದು, ಗಾಳಿ ಹೊಡೆದು ಒಣಗಿಸಿ, “ಹತ್ತು ಕಿಲೋಮೀಟರು ಓಡಿಸ್ಕಂಡು ಬನ್ನಿ” ಎಂದು ಕಳಿಸಿದರು. ಹಿಂದಿರುಗಿದ ಮೇಲೆ ಬ್ಯಾಟರಿ ಬಿಟ್ಟು ತೋರಿಸಿದರು. ಹನಿ ತೊಟ್ಟಿಕ್ಕುತ್ತಿದ್ದುದು ಕೆಳಗಿನ ಎಣ್ಣೆ ತಟ್ಟೆಯ ಬೋಲ್ಟಿನಿಂದ. ಆದರೆ ಹಸಿಯ ಗೆರೆ ಶುರುವಾಗಿದ್ದು ಅದಕ್ಕಿಂತ ಮೇಲೆ, ಚಕ್ರಕ್ಕೆ ಹೋಗುವ ಆಕ್ಸಲ್ ಗೇರ್ ಬಾಕ್ಸಿನೊಳಕ್ಕೆ ಹೊಕ್ಕುವ ಕಡೆ. ಅಲ್ಲಿನ ರಬ್ಬರಿನ ಸೀಲು ಹಳತಾಗಿ ಗಟ್ಟಿಯಾಗಿತ್ತು. ಹೆಂಚಿನ ಮನೆಯಲ್ಲಿ ಬಾಳಿದವರಿಗೆ ಇದನ್ನು ವಿವರಿಸಬೇಕಿಲ್ಲ. ಮಳೆನೀರು ದೇವರ ಮನೆಯಲ್ಲಿ ಸೋರಿದರೆ ಒಡೆದ ಹೆಂಚು ನಡುಮನೆಯ ಮೇಲಿರುತ್ತದೆ. ನೀರು ತೊಲೆಯ ಮೇಲೆ ಹರಿದು ಬಂದಿರುತ್ತದೆ.

ಆಕ್ಸಲ್ ಎಳೆದು, ಹಳೆಯ ಸೀಲು ಕಿತ್ತು, ಹೊಸದರ ತುಟಿಗೆ ಅದೇ ಎಣ್ಣೆ ಸವರಿ, ಓರೆಯಾಗದಂತೆ ಸಮನಾಗಿ ತಟ್ಟಿ ಕೂರಿಸಿದರು. ಕಾರಿನ ಪುಸ್ತಕದಲ್ಲಿ ಹೇಳಿದ ಗುಣಮಟ್ಟದ ಎಣ್ಣೆಯನ್ನೇ ತರಿಸಿ ಹಾಕಿದರು. ನನ್ನ ಕಾರಿನಲ್ಲಿ ಅಳತೆ ನೋಡುವ ಕ್ರಮ ಹೀಗೆ: ಗೇರ್ ಬಾಕ್ಸು ಬಿಸಿಯಾಗಿರಬೇಕು, ಎಂಜಿನ್ ಓಡುತ್ತಿರಬೇಕು, ಬ್ರೇಕ್ ತುಳಿದು ಗೇರನ್ನು ಎಲ್ಲ ಜಾಗಗಳಿಗೂ ಆಡಿಸಿ ಪಿ.ಗೆ ತಂದು ಆಮೇಲೆ ಅಳತೆಯ ಕಡ್ಡಿ ಎಳೆಯಬೇಕು. ಕೆಲವು ಕಾರುಗಳಲ್ಲಿ ಕಡ್ಡಿಯೇ ಇರುವುದಿಲ್ಲ. ಅವನ್ನು ಗ್ಯಾರೇಜಿನಲ್ಲೇ ನೋಡಿಸಬೇಕು. ಹೆಚ್ಚು ಸುರಿದರೂ ಕೇಡು, ನೊರೆಯೆದ್ದು ಒತ್ತಡ ತಪ್ಪುತ್ತದೆ. ಕೆಟ್ಟು ನಿಂತಾಗ ಚಕ್ರ ನೆಲದ ಮೇಲೆ ಉರುಳಿಸುತ್ತಾ ದೂರ ಎಳೆಸಲೂಬಾರದು. ಎಂಜಿನ್ ನಿಂತಾಗ ಎಣ್ಣೆಯ ಪಂಪೂ ನಿಂತಿರುತ್ತದೆ. ಕೂಲಿ, ಸೀಲು, ಎಣ್ಣೆ ಎಲ್ಲ ಸೇರಿ ನನಗೆ ಆದದ್ದು ನಾಲ್ಕು ಸಾವಿರದ ಒಳಗೆ. ತಡೆದು ಹೊರಡುವುದೂ ನಿಂತಿತು. ಒಳಗೆ ಎಣ್ಣೆ ಕಡಿಮೆಯಾಗಿ ಒತ್ತಡ ಸಾಲದೆ ಹಾಗಾಗುತ್ತಿತ್ತು. ಅದೇ ಸ್ಥಿತಿಯಲ್ಲಿ ಇನ್ನೆರಡು ತಿಂಗಳು ಓಡಿಸಿದ್ದರೆ ಕ್ಲಚ್ಚು ಸುಟ್ಟು ಎಂಬತ್ತು ಸಾವಿರದ ಮಾತು ನಿಜವೇ ಆಗುತ್ತಿತ್ತೇನೋ.

ಒಂದು ಶತಮಾನದಲ್ಲಿ ಯಂತ್ರ ನಮ್ಮಿಂದ ಒಂದೊಂದೇ ಕೆಲಸವನ್ನು ತೆಗೆದುಕೊಂಡಿತು. ಕಿಕ್ಕರ್ ಹೋಯಿತು, ಕ್ಲಚ್ ಹೋಯಿತು, ಗೇರ್ ಹೋಯಿತು. ಆ ಬಿಡುವು ನಮಗೆ ಬೇಕಾಗಿಯೇ ಇತ್ತು. ಅದನ್ನು ಹಂಗಿಸುವವರ ಮಾತಿಗೆ ಕಿವಿಗೊಡಬೇಕಿಲ್ಲ. ಆದರೆ ಕೆಲಸ ಕೈಬಿಟ್ಟ ಕೂಡಲೆ ತಿಳಿವಳಿಕೆಯೂ ಕೈಬಿಟ್ಟಿತು. ‘ನಿಮಗೇಕೆ ಅದೆಲ್ಲ, ಸುಮ್ಮನೆ ಓಡಿಸಿ’ ಎನ್ನುವ ಮಾತು ಹೆಂಗಸರ ವಿಷಯದಲ್ಲಿ ಇನ್ನಷ್ಟು ಸಲೀಸಾಗಿ ಬರುತ್ತದೆ. ಆ ಮಾತಿನ ಮರೆಯಲ್ಲೇ ತಿಮಿಂಗಿಲಗಳ ಜೀವ ಹೋಯಿತು, ನಮ್ಮಂಥವರ ಉಳಿತಾಯವೂ ಹೋಗುತ್ತದೆ. ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡರು ಎಂದು ಗಾದೆಯಿದೆ. ಅಂಗಳ ಗುಡಿಸಿ, ಸಾರಿಸಿ, ರಂಗೋಲಿ ಹಾಕುವ ನಮಗೆ ನೆಲದ ಮೇಲಿನ ಹೊಸ ಕಲೆಯೊಂದು ತಪ್ಪದೆ ಕಾಣುತ್ತದೆ. ಕಂಡ ಮೇಲೆ ಬಟ್ಟೆಯಿಂದ ಒರೆಸಿಬಿಡದೆ, ಬೆರಳಿಗೆ ತಾಗಿಸಿ, ಬಣ್ಣ ನೋಡಿ, ಮೂಸಿ, ಇದು ಎಲ್ಲಿಂದ ಬಂತು ಎಂದು ಕೇಳಿದರೆ ಸಾಕು. ಉತ್ತರ ಹುಡುಕುವುದಕ್ಕೆ ಪದವಿಯೇನೂ ಬೇಡ.