ಹುಳುಮನೆಯ ತೇವಾಂಶ ನಿರ್ವಹಣೆ

ಶಿಡ್ಲಘಟ್ಟ, ಚಿಂತಾಮಣಿ ಭಾಗದಲ್ಲಿ ಪ್ರತ್ಯೇಕ ಹುಳುಮನೆ ಇಲ್ಲದ ಸಣ್ಣ ರೈತರು ವಾಸದ ಮನೆಯ ಕೋಣೆಯಲ್ಲಿಯೇ ರೇಷ್ಮೆಹುಳು ಸಾಕುವುದುಂಟು. ಗಾಳಿಯಾಡದ ಇಂತಹ ಕೋಣೆಯಲ್ಲಿ ಬೆಳೆ ಕೈಗೆ ಸಿಗುವುದು ಬಹುಪಾಲು ತೇವಾಂಶದ ಹದವನ್ನು ಅವಲಂಬಿಸಿದೆ.

ಈ ಹದ ಹುಳುವಿನ ವಯಸ್ಸಿನೊಂದಿಗೆ ಬದಲಾಗುತ್ತದೆ. ಚಾಕಿ ಹಂತದಲ್ಲಿ ಶೇ. 85ರಿಂದ 90ರಷ್ಟು ತೇವಾಂಶ ಅಗತ್ಯ. ಕಡಿಮೆಯಾದರೆ ಎಳೆಯ ಸೊಪ್ಪು ಬೇಗ ಬಾಡುತ್ತದೆ. ಐದನೇ ಹಂತಕ್ಕೆ ಶೇ. 65ರಿಂದ 70 ಸಾಕು. ಆದರೆ ಬಲಿತ ಹುಳುಗಳ ಉಸಿರು, ಹಿಕ್ಕೆ ಹಾಗೂ ರಾಶಿ ಸೊಪ್ಪಿನಿಂದ ನೀರಾವಿ ಹೆಚ್ಚುವುದು ಆಗಲೇ. ಹಾಸಿಗೆ ಒದ್ದೆಯಾದರೆ ಶಿಲೀಂಧ್ರದಿಂದ ಬರುವ ಸುಣ್ಣಕಟ್ಟು ರೋಗಕ್ಕೆ ದಾರಿಯಾಗುತ್ತದೆ.

ತೇವಾಂಶ ತಿಳಿಯಲು ಎರಡು ಉಷ್ಣಮಾಪಕಗಳು ಸಾಕು. ಒಂದರ ಬುಡಕ್ಕೆ ಒದ್ದೆ ಬಟ್ಟೆ ಸುತ್ತಬೇಕು. ಎರಡರ ಅಂತರ ಕಡಿಮೆಯಾದಷ್ಟೂ ತೇವಾಂಶ ಹೆಚ್ಚು.

ಎದುರುಬದುರು ಕಿಟಕಿಗಳಿಗೆ ಊಜಿ ನೊಣ ತಡೆಯುವ ನೈಲಾನ್ ಬಲೆ ಹಾಕಿ ತೆರೆದಿಡಬೇಕು. ಒಂದೇ ಕಿಟಕಿಯಿದ್ದಲ್ಲಿ ಸೂರಿನ ಬಳಿ ಗಾಳಿಗಂಡಿ ಅಥವಾ ಎಕ್ಸಾಸ್ಟ್ ಫ್ಯಾನ್ ಅವಶ್ಯ. ಒದ್ದೆ ಸೊಪ್ಪು ಕೊಡಬಾರದು. ಹುಳು ಜ್ವರಕ್ಕೆ ಕುಳಿತಾಗ ಹಾಸಿಗೆಯ ಮೇಲೆ ಸುಣ್ಣದ ಪುಡಿ ತೆಳುವಾಗಿ ಉದುರಿಸಿದರೆ ತೇವ ಹೀರುತ್ತದೆ. ಥಂಡಿ ಕಳೆಯಲೆಂದು ಬಾಗಿಲು ಮುಚ್ಚಿ ಕೆಂಡ ಇಡುವುದು ಸಲ್ಲದು. ಅದರಿಂದ ಹೊಮ್ಮುವ ಕಾರ್ಬನ್ ಮಾನಾಕ್ಸೈಡ್ ಅದೇ ಸೂರಿನಡಿ ಮಲಗುವವರ ಪ್ರಾಣಕ್ಕೇ ಕುತ್ತು.

ಹಣ್ಣಾದ ಹುಳುಗಳು ಗೂಡು ಕಟ್ಟುವ ಮುನ್ನ ಮೂತ್ರ ವಿಸರ್ಜಿಸುತ್ತವೆ. ಆದ್ದರಿಂದ ಚಂದ್ರಿಕೆಗಳನ್ನು ಗಾಳಿಯಾಡುವ ನೆರಳಿನಲ್ಲಿಡುವುದು ಲೇಸು. ತೇವದಲ್ಲಿ ಕಟ್ಟಿದ ಗೂಡಿನ ನೂಲು ಬಿಚ್ಚುವಾಗ ಪದೇ ಪದೇ ತುಂಡಾಗುತ್ತದೆ. ಮಾರುಕಟ್ಟೆಯಲ್ಲಿ ಅದಕ್ಕೆ ದರವೂ ಇಳಿಯುತ್ತದೆ.