ವಸಂತದಲ್ಲಿ ಬೆನ್ನುಮೂಳೆಯ ಆರೈಕೆ: ಚೀನೀ ಪಾರಂಪರಿಕ ವೈದ್ಯದ ಕ್ರಮ

ಚೀನೀ ಪಂಚಾಂಗದ ವಸಂತ ಫೆಬ್ರವರಿ 4ರ ಸುಮಾರಿಗೆ, ಲಿಚುನ್ ಎಂಬ ಸಂಧಿದಿನದಂದು ಮೊದಲಾಗಿ ಮೇ ತಿಂಗಳ ಮೊದಲ ವಾರದವರೆಗೆ ಇರುತ್ತದೆ. ಈ ಅವಧಿಯಲ್ಲಿ ಕುತ್ತಿಗೆ, ಬೆನ್ನು, ಸೊಂಟ ಬಿಗಿಯದಂತೆ ನೋಡಿಕೊಳ್ಳಲು ಚೀನೀ ಪಾರಂಪರಿಕ ವೈದ್ಯ ಕೆಲವು ದಿನಚರಿ, ವ್ಯಾಯಾಮ, ಅಂಗಮರ್ದನ ಮತ್ತು ಸೂಜಿಚಿಕಿತ್ಸೆಗಳನ್ನು ಹೇಳುತ್ತದೆ. ಈಗ ಇವೆಲ್ಲ ಒಂದೇ ಪಾಠದಂತೆ ಕಾಣುತ್ತವೆ. ಹಳೆಯ ಗ್ರಂಥಗಳಲ್ಲಿ ಮಾತ್ರ ಋತುಚರ್ಯೆಯೂ ಬೆನ್ನಿನ ಚಿಕಿತ್ಸೆಯೂ ಬಹುಮಟ್ಟಿಗೆ ಬೇರೆಬೇರೆಯಾಗಿವೆ.

ಮೂಲ ಆಧಾರ, ಸುಮಾರು ಎರಡು ಸಾವಿರ ವರ್ಷ ಹಳೆಯದಾದ ‘ಹ್ವಾಂಗ್‌ಡಿ ನೈಜಿಂಗ್’. ಅದರ ‘ಸುವೆನ್’ ಭಾಗದ ಎರಡನೆಯ ಅಧ್ಯಾಯದ ಪ್ರಕಾರ ವಸಂತದಲ್ಲಿ ತಡವಾಗಿ ಮಲಗಿ ಬೇಗ ಏಳಬೇಕು, ಕೂದಲು ಬಿಚ್ಚಿಕೊಂಡು ಅಂಗಳದಲ್ಲಿ ನಿಧಾನವಾಗಿ ಅಡ್ಡಾಡಬೇಕು, ಮೈಯನ್ನು ಸಡಿಲ ಬಿಡಬೇಕು. ಪಂಚತತ್ತ್ವಗಳಲ್ಲಿ ವಸಂತಕ್ಕೆ ಸಲ್ಲುವುದು ಮರ; ಅದರ ಅಂಗ ಯಕೃತ್ತು, ಅದರ ವಾಯುಗುಣ ಗಾಳಿ. ಸ್ನಾಯುರಜ್ಜುಗಳು ಯಕೃತ್ತಿನ ಅಧೀನ. ಈ ಯಕೃತ್ತು ಹೊಟ್ಟೆಯೊಳಗಿನ ಅಂಗವಷ್ಟೇ ಅಲ್ಲ, ರಕ್ತವನ್ನು ಕಾಯ್ದಿಡುವ, ‘ಛಿ’ ಎಂಬ ಚೈತನ್ಯವನ್ನು ಹರಿಸುವ ಒಂದು ಕಾರ್ಯಸಮೂಹ. ಆ ಹರಿವಿಗೆ ತಡೆಯಾದರೆ ಸ್ನಾಯುಗಳು ಸೆಟೆದುಕೊಳ್ಳುತ್ತವೆ ಎಂಬುದು ಇಲ್ಲಿಯ ವಾದ.

ನಾಲ್ಕನೆಯ ಅಧ್ಯಾಯ ಇನ್ನೂ ಖಚಿತ. ಅದರಲ್ಲಿ ವಸಂತದ ಗಾಳಿ ಕುತ್ತಿಗೆಗೆ ಸಂಬಂಧಿಸಿದ್ದು, ಶರತ್ಕಾಲದ್ದು ಹೆಗಲು ಮತ್ತು ಬೆನ್ನಿಗೆ, ಚಳಿಗಾಲದ್ದು ಸೊಂಟ ಮತ್ತು ತೊಡೆಗೆ. ಬೆನ್ನುಮೂಳೆಯನ್ನು ನಡುವಿನ ಮಣ್ಣಿನ ತತ್ತ್ವಕ್ಕೆ ಕೊಡಲಾಗಿದೆ. ಹಾಗಾಗಿ ಇಡೀ ಬೆನ್ನುಮೂಳೆಯೇ ವಸಂತದ ಪಾಲಿನದು ಎನ್ನುವ ಜನಪ್ರಿಯ ಬರಹಗಳು ಗ್ರಂಥಕ್ಕಿಂತ ಮುಂದೆ ಹೋಗಿವೆ. ಗ್ರಂಥ ಕೊಟ್ಟಿರುವುದು ಕುತ್ತಿಗೆಯನ್ನಷ್ಟೇ.

ಚೀನೀಯರ ಮನೆಮಾತಿನಲ್ಲಿರುವ ‘ಚುನ್‌ವು’ ಪದ್ಧತಿಗೂ ಇದಕ್ಕೂ ಹೊಂದುತ್ತದೆ: ಬಿಸಿಲು ಕಂಡಿತೆಂದು ದಪ್ಪ ಬಟ್ಟೆ ಕಳಚಲು ಅವಸರಪಡಬಾರದು, ಕುತ್ತಿಗೆ ಮತ್ತು ಸೊಂಟವನ್ನು ಬೆಚ್ಚಗಿಡಬೇಕು. ಮಾರ್ಚ್‌ನಲ್ಲೂ ತಣ್ಣನೆ ಗಾಳಿ ಬೀಸುವ ಬೀಜಿಂಗಿಗೆ ಇದು ಸರಿಯಾದ ಮಾತು. ಅದೇ ತಿಂಗಳು ಕಲಬುರಗಿಯಲ್ಲಿ ಇದನ್ನು ಪಾಲಿಸಿದರೆ ಬೆವರು ಹರಿದೀತು, ಅಷ್ಟೆ. ಆಯುರ್ವೇದದ ವಸಂತಚರ್ಯೆಯಲ್ಲಿ ಗಮನವೆಲ್ಲ ಕರಗುವ ಕಫದ ಮೇಲೆ. ಚೀನೀ ವೈದ್ಯನಿಗೆ ಗಾಳಿಯೇ ಮುಖ್ಯ ಶತ್ರು.

‘ಛಿ’ ಹರಿಯುವ ದಾರಿಗಳನ್ನು ಈ ವೈದ್ಯ ವಾಹಿನಿ ಎನ್ನುತ್ತದೆ. ಬೆನ್ನಿನ ನಡುಗೆರೆಯಲ್ಲಿ ಸಾಗುವ ವಾಹಿನಿಗೆ ‘ಡು’ ಎಂದು ಹೆಸರು. ಕುತ್ತಿಗೆಯ ಏಳನೆಯ ಕಶೇರುವಿನ ಕೆಳಗೆ ದಾಝುಯಿ, ಸೊಂಟದ ಎರಡನೆಯ ಕಶೇರುವಿನ ಕೆಳಗೆ ಮಿಂಗ್‌ಮೆನ್ ಅದರ ಮೇಲಿನ, ಸೂಜಿ ಚುಚ್ಚುವ ಮುಖ್ಯ ಬಿಂದುಗಳು. ಇಕ್ಕೆಲಗಳಲ್ಲಿ ಮೂತ್ರಕೋಶದ ವಾಹಿನಿ ಎರಡೆರಡು ಸಾಲಾಗಿ ಇಳಿಯುತ್ತದೆ. ಮೂಳೆಗೆ ತೀರ ಹತ್ತಿರದಲ್ಲಿ 17 ಜೋಡಿ ಬಿಂದುಗಳಿದ್ದು, ಅವುಗಳಿಗೆ ಕ್ರಿ.ಶ. 208ರಲ್ಲಿ ತೀರಿಕೊಂಡ ವೈದ್ಯ ಹ್ವಾ ತುಓನ ಹೆಸರಿದೆ. ಈ ಜಾಗಗಳನ್ನು ತುಯಿನಾ ಅಂಗಮರ್ದನದಿಂದ ಒತ್ತುತ್ತಾರೆ, ಗಾಜಿನ ಬಟ್ಟಲು ಅಂಟಿಸುತ್ತಾರೆ, ಇಲ್ಲವೇ ನಮ್ಮ ಮಾಚಿಪತ್ರೆಯ ಬಳಗದ ಒಂದು ಗಿಡದ ಒಣ ಎಲೆಯ ಸುರುಳಿ ಹೊತ್ತಿಸಿ ಕಾವು ಕೊಡುತ್ತಾರೆ. ಮಕ್ಕಳಿಗೆ ಬೆನ್ನಿನ ಚರ್ಮವನ್ನು ಬಾಲಮೂಳೆಯಿಂದ ಕುತ್ತಿಗೆಯವರೆಗೆ ಹಗುರವಾಗಿ ಚಿವುಟುತ್ತ ಏರುವ ಕ್ರಮವಿದೆ. ಅದು ಬೆನ್ನುನೋವಿಗಿಂತ ಹೆಚ್ಚಾಗಿ ಹಸಿವು, ಜೀರ್ಣಶಕ್ತಿಗೆಂದು ಮಾಡುವುದು.

ಮನೆಯಲ್ಲೇ ಮಾಡಬಹುದಾದದ್ದು ‘ಬದ್ವಾನ್‌ಜಿನ್’ ಎಂಬ ಎಂಟು ಚಲನೆಗಳ ವ್ಯಾಯಾಮ. ಕೈಗಳನ್ನು ಮೇಲೆ ಚಾಚುವುದು, ತಲೆ ಹೊರಳಿಸಿ ಹಿಂದೆ ನೋಡುವುದು, ಬಾಗಿ ಪಾದ ಹಿಡಿಯುವುದು, ಕೊನೆಗೆ ಹಿಮ್ಮಡಿ ಎತ್ತಿ ನೆಲಕ್ಕೆ ಬಿಡುವುದು ಅದರಲ್ಲಿ ಸೇರಿವೆ. ಡಿಸ್ಕ್ ಜಾರಿದವರು ಬಾಗುವ ಚಲನೆಯನ್ನು ವೈದ್ಯರನ್ನು ಕೇಳದೆ ಮಾಡಬಾರದು.

ವಾಹಿನಿಗಳು ಅಂಗರಚನಾಶಾಸ್ತ್ರಕ್ಕೆ ಸಿಕ್ಕಿಲ್ಲ. ಜರ್ಮನಿಯಲ್ಲಿ ದೀರ್ಘಕಾಲದ ಸೊಂಟನೋವಿದ್ದ 1,162 ಜನರ ಮೇಲೆ ನಡೆದು 2007ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಆರು ತಿಂಗಳ ಬಳಿಕ ಸೂಜಿಚಿಕಿತ್ಸೆಯಿಂದ ಶೇ. 47.6 ಜನರಿಗೆ ಗುಣ ಕಂಡಿತು. ಬಿಂದುವಲ್ಲದ ಕಡೆ ತೋರಿಕೆಗೆ ಚುಚ್ಚಿದ ಗುಂಪಿನಲ್ಲೂ ಶೇ. 44.2 ಜನ ಸುಧಾರಿಸಿದರು. ಸಾಮಾನ್ಯ ಚಿಕಿತ್ಸೆಯಲ್ಲಿ ಶೇ. 27.4. ಚುಚ್ಚುವುದರಿಂದ ನೋವು ತಗ್ಗುತ್ತದೆ, ಬಿಂದುವಿನ ಸಿದ್ಧಾಂತಕ್ಕೆ ಮಾತ್ರ ಇದರಿಂದ ಬಲ ಬರುವುದಿಲ್ಲ. ಸಿಡ್ನಿಯಲ್ಲಿ 993 ರೋಗಿಗಳನ್ನು ಕುರಿತ 2014ರ ಅಧ್ಯಯನದಲ್ಲಿ ತಾಪಮಾನ, ತೇವಾಂಶ, ಮಳೆಗೂ ಬೆನ್ನುನೋವಿಗೂ ನಂಟು ಕಾಣಲಿಲ್ಲ. ಕುತೂಹಲದ ಸಂಗತಿಯೆಂದರೆ ಗಾಳಿಯ ವೇಗಕ್ಕೆ ಸಣ್ಣದೊಂದು ಸಂಬಂಧ ಕಂಡಿತ್ತು; ಚಿಕಿತ್ಸೆಯ ದೃಷ್ಟಿಯಿಂದ ಅದು ನಗಣ್ಯ.

ಕಾಲಿನಲ್ಲಿ ಶಕ್ತಿ ಕುಂದಿದರೆ, ತೊಡೆಸಂದು ಜೋಮುಹಿಡಿದರೆ, ಮೂತ್ರ ಕಟ್ಟಿದರೆ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಮೇಲ್ಬೆನ್ನಿನಲ್ಲಿ ಸೂಜಿ ಆಳಕ್ಕೆ ಹೋದರೆ ಶ್ವಾಸಕೋಶಕ್ಕೆ ಪೆಟ್ಟಾಗಬಹುದು. ಸೊಂಟನೋವಿಗೆ ಹೆಸರಾದ, 7ನೇ ಶತಮಾನದ ವೈದ್ಯ ಸುನ್ ಸಿಮಿಯಾಓನ ಗ್ರಂಥದಲ್ಲಿರುವ ‘ದುಹುಓ ಜಿಶೆಂಗ್’ ಕಷಾಯದಲ್ಲಿ ‘ಶಿಶಿನ್’ ಬೇರು ಸೇರುತ್ತದೆ. ಆ ಗಿಡದಲ್ಲಿ ಮೂತ್ರಪಿಂಡಕ್ಕೆ ಮಾರಕವಾದ ಅರಿಸ್ಟೊಲೊಕಿಕ್ ಆಮ್ಲ ಇರುತ್ತದೆ.